ಬೆಂಚಿನ ಮೇಲೆ ಕುಳಿತವನ ಹೊಣೆ



ದೂರದರ್ಶನದ ಪರದೆಯ ಮೇಲೆ ನೀವು ಫುಟ್‌ಬಾಲ್ ಪಂದ್ಯಗಳನ್ನು ನೋಡಿಯೇ ಇರುತ್ತೀರಿ. ಮೈದಾನದ ಸುತ್ತ ಹತ್ತಾರು ಕ್ಯಾಮೆರಾಗಳು ಇರುತ್ತವೆ. ಅವೆಲ್ಲವೂ ಚೆಂಡಿನ ಹಿಂದೆ ಓಡುತ್ತವೆ. ಚೆಂಡು ಯಾರ ಕಾಲಲ್ಲಿದೆಯೋ ಅವನ ಮುಖ ನಮಗೆ ಕಾಣುತ್ತದೆ. ಆದರೆ ಗೆರೆಯಾಚೆ, ಬೆಂಚಿನ ಮುಂದೆ ನಿಂತ ಒಬ್ಬ ವ್ಯಕ್ತಿಯನ್ನು ಕ್ಯಾಮೆರಾ ತೋರಿಸುವುದು ಎರಡೇ ಸಂದರ್ಭಗಳಲ್ಲಿ: ಗೋಲು ಬಿದ್ದಾಗ ಮತ್ತು ಪಂದ್ಯ ಸೋತಾಗ. ಆತ ತಂಡದ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ. ಅವನು ಚೆಂಡನ್ನು ಮುಟ್ಟುವುದಿಲ್ಲ, ಓಡುವುದೂ ಇಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಹೇಗೆ ಆಡಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಆ ತೀರ್ಮಾನ ತಪ್ಪಿದರೆ ಬೈಗುಳವನ್ನು ಕೇಳುವುದೂ ಅವನದೇ ಪಾಲು.

ಇಂದು ನಾನು ನಿಮಗೆ ಅಂಥ ಒಬ್ಬ ಮನುಷ್ಯನ ಬಗ್ಗೆ ಹೇಳಬೇಕೆಂದಿದ್ದೇನೆ. ಅವರ ಹೆಸರು ತಾಕೆಶಿ ಒಕಾಡ. ಜಪಾನಿನವರು. ಕನ್ನಡಕ ಧರಿಸಿದ, ಕಾಲೇಜಿನ ಅಧ್ಯಾಪಕರಂತೆ ಕಾಣುವ ಈ ವ್ಯಕ್ತಿ ತಮ್ಮ ದೇಶದ ತಂಡವನ್ನು 2 ಬಾರಿ ವಿಶ್ವಕಪ್‌ಗೆ ಕರೆದೊಯ್ದರು. ಪೆಲೆ ಅಥವಾ ಮರಡೋನಾರಂತೆ ಅವರ ಹೆಸರು ಮನೆಮಾತಲ್ಲ. ಆದರೆ ತೀರ್ಮಾನ ಎಂದರೇನು, ಹೊಣೆ ಎಂದರೇನು ಎಂಬುದನ್ನು ತಿಳಿಯಲು ಅವರ ಜೀವನಕ್ಕಿಂತ ಒಳ್ಳೆಯ ಪಾಠ ಸಿಗುವುದು ಅಪರೂಪ.

ಒಕಾಡ ಹುಟ್ಟಿದ್ದು 1956ರ ಆಗಸ್ಟ್ 25ರಂದು, ಒಸಾಕಾ ನಗರದಲ್ಲಿ. ಓದಿದ್ದು ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದಲ್ಲಿ, ರಾಜಕೀಯಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗದಲ್ಲಿ. 1980ರಲ್ಲಿ ಫುರುಕಾವಾ ಎಲೆಕ್ಟ್ರಿಕ್ ಎಂಬ ಕಂಪನಿಯ ತಂಡವನ್ನು ಸೇರಿದರು. ಅಂದಿನ ಜಪಾನಿನಲ್ಲಿ ಫುಟ್‌ಬಾಲ್ ಎಂದರೆ ಕಂಪನಿಗಳ ನಡುವಿನ ಆಟವಾಗಿತ್ತು. ಆಟಗಾರರು ಆಯಾ ಕಂಪನಿಯ ನೌಕರರು. ನಮ್ಮಲ್ಲಿ ಬ್ಯಾಂಕುಗಳು, ರೈಲ್ವೆ ಮತ್ತು ಸಾರ್ವಜನಿಕ ಕಾರ್ಖಾನೆಗಳು ಕ್ರೀಡಾಪಟುಗಳಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದುದನ್ನು ನೆನೆದರೆ ಆ ವ್ಯವಸ್ಥೆ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ.

ಒಕಾಡ ರಕ್ಷಣಾ ಆಟಗಾರ. ಅತಿ ವೇಗದ ಓಟಗಾರನಲ್ಲ. ಎದುರಾಳಿಯ ಮುಂದಿನ ಹೆಜ್ಜೆಯನ್ನು ಮೊದಲೇ ಊಹಿಸಿ ಅಲ್ಲಿಗೆ ಹೋಗಿ ನಿಲ್ಲುವುದು ಅವರ ಶಕ್ತಿ. ರಾಷ್ಟ್ರೀಯ ತಂಡದ ಪರವಾಗಿ 24 ಪಂದ್ಯಗಳನ್ನು ಆಡಿದರು. 1982ರಲ್ಲಿ ನಮ್ಮ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ಜಪಾನ್ ತಂಡದಲ್ಲಿ ಅವರೂ ಇದ್ದರು. ಭಾರತದ ಮನೆಗಳಿಗೆ ಬಣ್ಣದ ದೂರದರ್ಶನ ಬಂದದ್ದು ಅದೇ ವರ್ಷ, ಅದೇ ಕ್ರೀಡಾಕೂಟದ ಸಡಗರದಲ್ಲಿ ಎಂಬುದನ್ನು ನಿಮ್ಮ ತಂದೆ ತಾಯಿಯರನ್ನು ಕೇಳಿದರೆ ಹೇಳುತ್ತಾರೆ. 1986ರಲ್ಲಿ ಫುರುಕಾವಾ ತಂಡವು ಏಷ್ಯದ ಕ್ಲಬ್‌ಗಳ ಚಾಂಪಿಯನ್ ಪಟ್ಟ ಗೆದ್ದಿತು. ಹಾಗೆ ಗೆದ್ದ ಮೊದಲ ಜಪಾನಿ ತಂಡ ಅದು. 1990ರಲ್ಲಿ ಒಕಾಡ ಆಟದಿಂದ ನಿವೃತ್ತರಾಗಿ, ತರಬೇತಿಯ ಕೆಲಸಕ್ಕಿಳಿದು, ಹೆಚ್ಚಿನ ಕಲಿಕೆಗಾಗಿ ಜರ್ಮನಿಗೆ ಹೋಗಿ ಬಂದರು.

ಅಷ್ಟರಲ್ಲಿ ಜಪಾನಿನ ಫುಟ್‌ಬಾಲ್ ಬದಲಾಗಿತ್ತು. 1993ರ ಮೇ 15ರಂದು, 10 ಕ್ಲಬ್‌ಗಳೊಡನೆ, ಜೆ ಲೀಗ್ ಎಂಬ ವೃತ್ತಿಪರ ಪಂದ್ಯಾವಳಿ ಆರಂಭವಾಯಿತು. ಕಂಪನಿಯ ತಂಡಗಳು ಊರಿನ ತಂಡಗಳಾದವು. ಅದೇ ವರ್ಷದ ಅಕ್ಟೋಬರ್ 28ರಂದು ಕತಾರಿನ ದೋಹಾದಲ್ಲಿ ಒಂದು ದೊಡ್ಡ ಆಘಾತವೂ ಕಾದಿತ್ತು. ಇರಾಕ್ ವಿರುದ್ಧ ಗೆದ್ದರೆ ಜಪಾನಿಗೆ ಮೊದಲ ಬಾರಿ ವಿಶ್ವಕಪ್ ಪ್ರವೇಶ. ಅಂಕ 2-1, ಪಂದ್ಯ ಮುಗಿಯಲು ಕೆಲವೇ ಕ್ಷಣಗಳು ಬಾಕಿ. ಆಗ ಇರಾಕ್ ಗೋಲು ಹೊಡೆದು ಸಮ ಮಾಡಿತು, ಜಪಾನಿನ ಕನಸು ಒಡೆಯಿತು. ಜಪಾನೀಯರು ಅದನ್ನು ಇಂದಿಗೂ ದೋಹಾದ ದುರಂತ ಎಂದೇ ಕರೆಯುತ್ತಾರೆ.

ಈ ಹಿನ್ನೆಲೆ ನಿಮ್ಮ ಮನಸ್ಸಿನಲ್ಲಿರಲಿ. ಈಗ 1997ಕ್ಕೆ ಬರೋಣ. ಮತ್ತೆ ವಿಶ್ವಕಪ್ ಅರ್ಹತಾ ಪಂದ್ಯಗಳು. ಒಕಾಡ ಆಗ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರ. ಮುಖ್ಯಸ್ಥರು ಷು ಕಾಮೊ. ಉಜ್ಬೇಕಿಸ್ತಾನದ ಮೇಲೆ 6-3ರ ಗೆಲುವಿನೊಂದಿಗೆ ಆರಂಭ ಚೆನ್ನಾಗಿಯೇ ಆಯಿತು. ಅನಂತರ ದಕ್ಷಿಣ ಕೊರಿಯಾದೆದುರು ತವರಿನಲ್ಲೇ ಸೋಲು. ಅಕ್ಟೋಬರ್ 4ರಂದು ಕಝಾಕಸ್ತಾನದ ಅಲ್ಮಾಟಿಯಲ್ಲಿ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು 1-1 ಸಮ. ಅದೇ ರಾತ್ರಿ ಕಾಮೊ ಅವರನ್ನು ಹುದ್ದೆಯಿಂದ ತೆಗೆದು, ಒಕಾಡ ಅವರಿಗೆ ಜವಾಬ್ದಾರಿ ವಹಿಸಲಾಯಿತು.

ಆಗ ಅವರ ವಯಸ್ಸು 41. ಅದುವರೆಗೆ ಒಂದೇ ಒಂದು ಹಿರಿಯರ ತಂಡಕ್ಕೂ ಮುಖ್ಯ ತರಬೇತುದಾರರಾಗಿ ಕೆಲಸ ಮಾಡಿದವರಲ್ಲ. ಮುಂದಿನ ಪಂದ್ಯಕ್ಕೆ ಇದ್ದದ್ದು ಕೇವಲ ಒಂದು ವಾರ, ಅದೂ ಪರದೇಶದಲ್ಲಿ. ನೀವು ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದೀರಿ ಎಂದುಕೊಳ್ಳಿ. ಪ್ರಯೋಗ ಅರ್ಧ ನಡೆದಿದೆ, ಫಲಿತಾಂಶ ಕೆಡುತ್ತಿದೆ. ಆಗ ಪ್ರಾಧ್ಯಾಪಕರನ್ನು ಹೊರಗೆ ಕಳಿಸಿ, ಇನ್ನು ನೀನೇ ಮುಗಿಸು ಎಂದು ನಿಮ್ಮ ಕೈಗೆ ಕೊಟ್ಟರೆ ಹೇಗಿರುತ್ತದೆ? ಇಡೀ ದೇಶ ಕಿಟಕಿಯಲ್ಲಿ ನಿಂತು ನೋಡುತ್ತಿದೆ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಿ.

ತಾಷ್ಕೆಂಟಿನಲ್ಲಿ 1-1 ಸಮ. ಟೋಕಿಯೊದಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ವಿರುದ್ಧ ಮತ್ತೆ 1-1. ಅಭಿಮಾನಿಗಳ ಸಿಟ್ಟು ಬೀದಿಗೆ ಬಂದಿತು. ಮನೆಗೆ ಬೆದರಿಕೆಯ ಕರೆಗಳು ಬರುತ್ತಿದ್ದವು, ಪೊಲೀಸರು ಕಾವಲಿದ್ದರು ಎಂದು ಒಕಾಡ ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಆದರೆ ನವೆಂಬರ್ 1ರಂದು ಸಿಯೋಲಿನಲ್ಲಿ ಕೊರಿಯಾವನ್ನು 2-0ಯಿಂದಲೂ, ಒಂದು ವಾರದ ನಂತರ ಕಝಾಕಸ್ತಾನವನ್ನು 5-1ರಿಂದಲೂ ಸೋಲಿಸಿ ಜಪಾನ್ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಉಳಿದದ್ದು ಒಂದೇ ಪಂದ್ಯ. ಇನ್ನೊಂದು ಗುಂಪಿನ ಎರಡನೆಯ ತಂಡವಾದ ಇರಾನ್ ಎದುರಾಳಿ. ಸ್ಥಳ ಮಲೇಶಿಯದ ಜೋಹೋರ್ ಬಾಹ್ರು, ದಿನಾಂಕ 1997ರ ನವೆಂಬರ್ 16. ಸೋತರೆ ತಾನು ಜಪಾನಿಗೆ ಹಿಂತಿರುಗಲು ಸಾಧ್ಯವಾಗದೇ ಹೋಗಬಹುದು ಎಂದು ಪಂದ್ಯಕ್ಕೆ ಮುನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದಾಗಿಯೂ, ಅದಾದ ಮೇಲೆ ಮನಸ್ಸು ವಿಚಿತ್ರವಾಗಿ ಹಗುರಾಯಿತೆಂದೂ ಅವರು ನೆನಪಿಸಿಕೊಳ್ಳುತ್ತಾರೆ. ತನ್ನ ಕೈಲಾದದ್ದನ್ನು ಮಾಡುವುದು, ಮಿಕ್ಕದ್ದು ತನ್ನ ಕೈಯಲ್ಲಿಲ್ಲ ಎಂಬ ನಿಲುವಿಗೆ ಅವರು ಬಂದಿದ್ದರು.

ಆ ಪಂದ್ಯದಲ್ಲಿ ಜಪಾನ್ ಮೊದಲು ಗೋಲು ಹೊಡೆಯಿತು. ಇರಾನ್ 2 ಗೋಲು ಹೊಡೆದು ಮುಂದಾಯಿತು. ಆಗ ಒಕಾಡ ತಮ್ಮ ಮುಂಚೂಣಿಯ ಇಬ್ಬರೂ ಆಟಗಾರರನ್ನು ಒಟ್ಟಿಗೇ ಹೊರಗೆ ಕರೆದರು. ಅವರಲ್ಲೊಬ್ಬರು ಕಾಝುಯೋಶಿ ಮಿಯೂರ, ಜಪಾನಿನ ಅತ್ಯಂತ ಜನಪ್ರಿಯ ಆಟಗಾರ. ಕರೆದದ್ದು ನನ್ನನ್ನೇ ಎಂದು ಮಿಯೂರ ತಮ್ಮ ಎದೆಯತ್ತ ಬೆರಳು ತೋರಿಸಿ ಕೇಳಿದರು. ಹೌದು, ಅವರನ್ನೇ. ಬದಲಿಗೆ ಬಂದ ಶೋಜಿ ಜೋ 76ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಸಮ ಮಾಡಿದರು. ಅಂದಿನ ನಿಯಮದಂತೆ ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರು ಅಲ್ಲಿಗೇ ಗೆದ್ದಂತೆ. ಒಕಾಡ ಮಸಾಯುಕಿ ಒಕಾನೊ ಎಂಬ ಉದ್ದ ಕೂದಲಿನ, ಮಿಂಚಿನ ಓಟದ ಆಟಗಾರನನ್ನು ಇಳಿಸಿದರು. ಆತ ಒಂದರ ಹಿಂದೊಂದು ಸುಲಭದ ಅವಕಾಶಗಳನ್ನು ಕಳೆದುಕೊಂಡ. ಕೊನೆಗೆ 118ನೆಯ ನಿಮಿಷದಲ್ಲಿ ಹಿದೆತೋಶಿ ನಕಾಟ ಹೊಡೆದ ಚೆಂಡು ಗೋಲ್‌ಕೀಪರನ ಕೈಯಿಂದ ಜಾರಿದಾಗ, ನೆಲದ ಮೇಲೆ ಜಾರಿ ಬಂದು ಅದನ್ನು ಬಲೆಗೆ ತಳ್ಳಿದವನೂ ಅದೇ ಒಕಾನೊ. ಜಪಾನ್ 3-2. ಮೊದಲ ಬಾರಿಗೆ ವಿಶ್ವಕಪ್ ಪ್ರವೇಶ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ಚಂದದ ಸಿನಿಮಾ ಆಗುತ್ತಿತ್ತು. ಆದರೆ ನಿಜವಾದ ಪರೀಕ್ಷೆ ಬಂದದ್ದು ಇದಾದ ನಂತರ.

1998ರ ವಿಶ್ವಕಪ್ ಫ್ರಾನ್ಸಿನಲ್ಲಿ. ಅದಕ್ಕೆ ಮುನ್ನ ಒಕಾಡ 25 ಆಟಗಾರರನ್ನು ಸ್ವಿಟ್ಜರ್ಲೆಂಡಿನ ಶಿಬಿರಕ್ಕೆ ಕರೆದೊಯ್ದರು. ನಿಯಮದ ಪ್ರಕಾರ 22 ಜನರಿಗಷ್ಟೇ ಅವಕಾಶ. ಜೂನ್ 2ರಂದು ಕ್ಯಾಮೆರಾಗಳ ಮುಂದೆ ನಿಂತು, ಕೈಬಿಟ್ಟ ಮೂವರ ಹೆಸರನ್ನು ಓದಿದರು. ಆ ಮೂವರಲ್ಲಿ ಒಂದು ಹೆಸರು ಮಿಯೂರ.

ಈ ಹೆಸರಿನ ತೂಕವನ್ನು ನೀವು ಅರಿಯಬೇಕು. 15ನೆಯ ವಯಸ್ಸಿಗೆ ಶಾಲೆ ಬಿಟ್ಟು, ಫುಟ್‌ಬಾಲ್ ಕಲಿಯಲು ಒಬ್ಬನೇ ಬ್ರೆಜಿಲ್‌ಗೆ ಹೋದ ಹುಡುಗ ಆತ. 1993ರಲ್ಲಿ ಜೆ ಲೀಗ್‌ನ ಮೊಟ್ಟಮೊದಲ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವರು. ದೋಹಾದಲ್ಲಿ ಕಣ್ಣೀರಿಟ್ಟವರು. ಆ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಉಜ್ಬೇಕಿಸ್ತಾನದ ಮೇಲೆ ಒಬ್ಬರೇ 4 ಗೋಲು ಹೊಡೆದವರು. ಜಪಾನ್ ವಿಶ್ವಕಪ್ ಆಡಬೇಕೆಂಬ ಕನಸಿಗೆ ಒಂದು ಮುಖವಿದ್ದರೆ ಅದು ಮಿಯೂರ ಅವರ ಮುಖ. ಆದರೆ ವಯಸ್ಸು 31 ಆಗಿತ್ತು. ಇತ್ತೀಚಿನ ಆಟದಲ್ಲಿ ಹಿಂದಿನ ಹರಿತ ಇರಲಿಲ್ಲ. ಅವರ ಬದಲು ಯುವಕರು ತಂಡದಲ್ಲಿ ಉಳಿದರು. 18 ವರ್ಷದ ಶಿಂಜಿ ಓನೊ ಅವರಲ್ಲೊಬ್ಬರು.

ಜಪಾನ್ ಆ ವಿಶ್ವಕಪ್‌ನಲ್ಲಿ ಅರ್ಜೆಂಟೀನಕ್ಕೆ 0-1, ಕ್ರೊಯೇಷಿಯಕ್ಕೆ 0-1, ಜಮೈಕಕ್ಕೆ 1-2 ಅಂತರದಲ್ಲಿ ಸೋತಿತು. ಮೂರು ಪಂದ್ಯ, ಮೂರು ಸೋಲು, ಒಂದು ಗೋಲು. ಒಕಾಡ ಹುದ್ದೆ ಬಿಟ್ಟರು. ಮಿಯೂರ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಜಪಾನಿನಲ್ಲಿ ಇಂದಿಗೂ ಉಳಿದಿದೆ. ಮಿಯೂರ 50 ದಾಟಿದ ಮೇಲೂ ವೃತ್ತಿಪರ ಪಂದ್ಯಗಳನ್ನು ಆಡಿ ಜಗತ್ತನ್ನೇ ಬೆರಗುಗೊಳಿಸಿದರು. ಆದರೆ ವಿಶ್ವಕಪ್ ಅವರ ಪಾಲಿಗೆ ಬರಲೇ ಇಲ್ಲ.

ಮಿತ್ರರೇ, ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಘಟನೆ ಒಂದು ಸತ್ಯವನ್ನು ಮನದಟ್ಟು ಮಾಡಿದೆ. ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಸರಿ ಬಾರದಿದ್ದರೆ, ಒಂದೇ ಒಂದು ಅಂಶವನ್ನು ಬದಲಿಸಿ ಮತ್ತೆ ಮಾಡಬಹುದು. ಎರಡನ್ನೂ ಹೋಲಿಸಿ ಯಾವುದು ಸರಿ ಎಂದು ಹೇಳಬಹುದು. ಬದುಕಿನಲ್ಲಿ ಆ ಸೌಲಭ್ಯವಿಲ್ಲ. 1998ರ ಜೂನ್ ತಿಂಗಳು ಒಂದೇ ಬಾರಿ ಬಂದಿತು, ಹೋಯಿತು. ಮಿಯೂರ ಇದ್ದ ತಂಡ ಮತ್ತು ಇಲ್ಲದ ತಂಡ, ಎರಡನ್ನೂ ಆಡಿಸಿ ನೋಡುವಂತಿರಲಿಲ್ಲ. ಆದ್ದರಿಂದ ಆ ತೀರ್ಮಾನ ಸರಿಯೋ ತಪ್ಪೋ ಎಂದು ಯಾರೂ ಸಾಧಿಸಿ ತೋರಿಸಲಾರರು. ನಾವು ಕೇಳಬಹುದಾದದ್ದು ಇಷ್ಟೇ: ತೀರ್ಮಾನ ಮಾಡಿದವನು ತಂಡದ ಹಿತವನ್ನಷ್ಟೇ ನೋಡಿದನೇ? ಅದನ್ನು ತಾನೇ ಮುಂದೆ ನಿಂತು ಹೇಳಿದನೇ? ಪರಿಣಾಮವನ್ನು ಬೇರೆಯವರ ತಲೆಗೆ ಕಟ್ಟದೆ ತಾನೇ ಹೊತ್ತನೇ? ಒಕಾಡ ಈ ಮೂರಕ್ಕೂ ಹೌದು ಎನ್ನುವಂತೆ ನಡೆದುಕೊಂಡರು. ಹಾಗೆಂದು ಮಿಯೂರ ಅವರ ನೋವು ಸುಳ್ಳಾಗುವುದಿಲ್ಲ. ನ್ಯಾಯವಾದ ತೀರ್ಮಾನದಿಂದಲೂ ಒಬ್ಬ ಒಳ್ಳೆಯ ಮನುಷ್ಯನಿಗೆ ನೋವಾಗಬಹುದು. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಿಕೊಳ್ಳದೆ ದೊಡ್ಡವರಾಗುವುದು ಸಾಧ್ಯವಿಲ್ಲ.

ಸೋತು ಬಂದ ಒಕಾಡ ಮುಂದೇನು ಮಾಡಿದರು? ದೊಡ್ಡ ಹುದ್ದೆಗೆ ಕಾಯುತ್ತ ಕೂರಲಿಲ್ಲ. 1999ರಲ್ಲಿ ಉತ್ತರದ ಹಿಮದ ನಾಡಾದ ಹೊಕ್ಕೈಡೊಗೆ ಹೋಗಿ, ಎರಡನೆಯ ದರ್ಜೆಯಲ್ಲಿದ್ದ ಕಾನ್ಸಡೋಲೆ ಸಪ್ಪೊರೊ ತಂಡದ ಹೊಣೆ ಹೊತ್ತರು. ಮೊದಲ ವರ್ಷ ಬಡ್ತಿ ದೊರೆಯಲಿಲ್ಲ. 2000ದಲ್ಲಿ ತಂಡ ಆ ದರ್ಜೆಯ ಚಾಂಪಿಯನ್ ಆಗಿ ಮೇಲೇರಿತು. ಅನಂತರ ಯೊಕೊಹಾಮ ಎಫ್. ಮರಿನೋಸ್ ತಂಡವನ್ನು 2003 ಮತ್ತು 2004ರಲ್ಲಿ ಸತತವಾಗಿ ಜೆ ಲೀಗ್ ಚಾಂಪಿಯನ್ ಮಾಡಿದರು. ರಾಷ್ಟ್ರೀಯ ತಂಡದ ಹೊಣೆ ಮೊದಲು, ಕ್ಲಬ್‌ನ ಅನುಭವ ಆಮೇಲೆ. ಎಲ್ಲರ ಏಣಿ ಕೆಳಗಿನಿಂದ ಮೇಲಕ್ಕೆ ಇದ್ದರೆ ಅವರ ಏಣಿ ತಲೆಕೆಳಗಾಗಿತ್ತು. ಅವರು ಕೆಳಗಿಳಿದು ಬಂದು ಬಿಟ್ಟುಹೋದ ಮೆಟ್ಟಿಲುಗಳನ್ನು ಕಟ್ಟಿದರು.

2007ರ ನವೆಂಬರಿನಲ್ಲಿ ರಾಷ್ಟ್ರೀಯ ತಂಡದ ತರಬೇತುದಾರ ಇವಿತ್ಸ ಓಸಿಮ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಮತ್ತೆ ನಡುದಾರಿಯಲ್ಲಿ, ಮತ್ತೆ ಒಕಾಡ ಅವರಿಗೇ ಕರೆ. 2009ರ ಜೂನ್ 6ರಂದು ಅವರ ತಂಡ 2010ರ ದಕ್ಷಿಣ ಆಫ್ರಿಕ ವಿಶ್ವಕಪ್‌ಗೆ ಅರ್ಹತೆ ಗಳಿಸಿತು. ನಮ್ಮ ಗುರಿ ಕೊನೆಯ ನಾಲ್ಕರಲ್ಲಿ ಒಂದು ಸ್ಥಾನ ಎಂದು ಅವರು ಸಾರಿದಾಗ ಬಹಳ ಜನ ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ವಿಶ್ವಕಪ್‌ಗೆ ಮುನ್ನ ಸರ್ಬಿಯ, ದಕ್ಷಿಣ ಕೊರಿಯಾ, ಇಂಗ್ಲೆಂಡ್, ಐವರಿ ಕೋಸ್ಟ್ ಎಲ್ಲರ ಮುಂದೆಯೂ ಜಪಾನ್ ಸೋತಿತು.

ಎರಡು ವರ್ಷ ಒಂದು ಬಗೆಯ ಆಟವನ್ನು ಕಲಿಸಿ, ಅದು ಫಲಿಸದು ಎಂದು ಪರೀಕ್ಷೆಗೆ ಕೆಲವೇ ದಿನಗಳಿರುವಾಗ ತಿಳಿದರೆ ನೀವೇನು ಮಾಡುತ್ತೀರಿ? ಹಟ ಹಿಡಿಯಬಹುದು. ಒಕಾಡ ಹಟ ಹಿಡಿಯಲಿಲ್ಲ. ನಾಯಕತ್ವವನ್ನು ಮಕೊಟೊ ಹಸೆಬೆಗೆ ಕೊಟ್ಟರು. ಗೋಲ್‌ಕೀಪರನನ್ನು ಬದಲಿಸಿ ಏಜಿ ಕವಾಶಿಮನನ್ನು ನಿಲ್ಲಿಸಿದರು. ವರ್ಷಗಟ್ಟಲೆ ತಂಡದ ಕೇಂದ್ರವಾಗಿದ್ದ ಶುನ್ಸುಕೆ ನಕಾಮುರನನ್ನು ಬೆಂಚಿನಲ್ಲಿ ಕೂರಿಸಿದರು. ರಕ್ಷಣೆಯ ಮುಂದೆ ಒಬ್ಬ ಕಾವಲುಗಾರನನ್ನು ಹೆಚ್ಚಿಸಿ, ಮಧ್ಯಮೈದಾನದ ಕೈಸುಕೆ ಹೊಂಡನನ್ನು ತುತ್ತತುದಿಯ ಒಂಟಿ ಆಕ್ರಮಣಕಾರನಾಗಿ ನಿಲ್ಲಿಸಿದರು. ಜೂನ್ 14ರಂದು ಕ್ಯಾಮರೂನ್ ವಿರುದ್ಧ 39ನೆಯ ನಿಮಿಷದಲ್ಲಿ ಗೋಲು ಹೊಡೆದದ್ದು ಅದೇ ಹೊಂಡ. ಜಪಾನ್ 1-0. ನೆದರ್ಲೆಂಡ್ಸ್ ಎದುರು 0-1 ಸೋಲು. ಜೂನ್ 24ರಂದು ರಸ್ಟೆನ್‌ಬರ್ಗ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 3-1 ಗೆಲುವು.

ಡೆನ್ಮಾರ್ಕ್ ಪಂದ್ಯದ ಮೊದಲ ಎರಡು ಗೋಲುಗಳನ್ನು ಭೌತಶಾಸ್ತ್ರ ಓದುವವರು ಹುಡುಕಿ ನೋಡಬೇಕು. ಎರಡೂ ಫ್ರೀಕಿಕ್‌ಗಳೇ, ಆದರೆ ಎರಡೂ ಬೇರೆ ಜಾತಿಯವು. ಹೊಂಡ ಚೆಂಡನ್ನು ಹೆಚ್ಚುಕಡಿಮೆ ತಿರುಗದಂತೆ ಒದ್ದರು. ತಿರುಗದ ಚೆಂಡಿನ ಹಿಂದೆ ಗಾಳಿಯ ಹರಿವು ಒಮ್ಮೆ ಈ ಬದಿ, ಒಮ್ಮೆ ಆ ಬದಿ ಕಳಚಿಕೊಳ್ಳುವುದರಿಂದ ಚೆಂಡು ಹಾರುತ್ತಲೇ ತೊನೆದಾಡುತ್ತದೆ. ಗೋಲ್‌ಕೀಪರನಿಗೆ ಅದರ ದಾರಿ ಊಹಿಸುವುದು ಕಷ್ಟ. ಯಾಸುಹಿತೊ ಎಂಡೊ ಚೆಂಡಿಗೆ ಚೆನ್ನಾಗಿ ತಿರುವು ಕೊಟ್ಟರು. ತಿರುಗುವ ಚೆಂಡು ಗಾಳಿಯನ್ನು ಒಂದು ಬದಿಗೆ ತಳ್ಳುತ್ತದೆ, ಗಾಳಿ ಚೆಂಡನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಆದ್ದರಿಂದ ಆ ಚೆಂಡು ನಯವಾದ ಬಿಲ್ಲಿನಂತೆ ಬಾಗಿ, ಆಟಗಾರರ ಗೋಡೆಯನ್ನು ಬಳಸಿ ಬಲೆ ಸೇರಿತು. 13 ನಿಮಿಷಗಳ ಅಂತರದಲ್ಲಿ ಎರಡು ಪಾಠಗಳು!

ತವರಿನಾಚೆ ನಡೆದ ವಿಶ್ವಕಪ್ ಒಂದರಲ್ಲಿ ಜಪಾನ್ ಗುಂಪಿನ ಹಂತ ದಾಟಿದ್ದು ಅದೇ ಮೊದಲು. ಮುಂದಿನ ಪಂದ್ಯ ಜೂನ್ 29ರಂದು ಪ್ರಿಟೋರಿಯದಲ್ಲಿ, ಪರಾಗ್ವೆ ವಿರುದ್ಧ. 120 ನಿಮಿಷ ಆಡಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ ಯುಯಿಚಿ ಕೊಮಾನೊ ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿದು ಹೊರಹೋಯಿತು. 5-3ರಿಂದ ಪರಾಗ್ವೆ ಗೆದ್ದಿತು. ಸೋಲಿನ ಹೊಣೆಯನ್ನು ಒಕಾಡ ತಮ್ಮ ಮೇಲೆಯೇ ಹಾಕಿಕೊಂಡರು, ಕೊಮಾನೊ ಮೇಲಲ್ಲ. 1997ರಲ್ಲಿ ಅವಕಾಶಗಳನ್ನು ಕಳೆದುಕೊಂಡ ಒಕಾನೊ ಕೊನೆಗೆ ವೀರನಾದ. 2010ರಲ್ಲಿ ಕೊಮಾನೊಗೆ ಎರಡನೆಯ ಅವಕಾಶ ಸಿಗಲಿಲ್ಲ. ಇಬ್ಬರೂ ಪ್ರಾಮಾಣಿಕವಾಗಿ ಆಡಿದವರೇ. ಫಲಿತಾಂಶವೊಂದನ್ನೇ ನೋಡಿ ಮನುಷ್ಯನ ಬೆಲೆ ಕಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

2012 ಮತ್ತು 2013ರಲ್ಲಿ ಚೀನಾದ ಹಾಂಗ್‌ಝೌ ನಗರದ ತಂಡಕ್ಕೆ ತರಬೇತಿ ಕೊಟ್ಟ ಮೇಲೆ ಒಕಾಡ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಶಿಕೊಕು ದ್ವೀಪದ ಇಮಾಬಾರಿ, ಟವಲುಗಳ ನೇಯ್ಗೆಗೂ ಹಡಗು ನಿರ್ಮಾಣಕ್ಕೂ ಹೆಸರಾದ ಊರು. ಯುವಕರು ಕೆಲಸ ಹುಡುಕಿಕೊಂಡು ದೊಡ್ಡ ನಗರಗಳಿಗೆ ಹೊರಟು ಹೋಗುವ ಊರು. ಅಲ್ಲಿನ ಪುಟ್ಟ ಪ್ರಾದೇಶಿಕ ತಂಡವಾದ ಎಫ್‌ಸಿ ಇಮಾಬಾರಿಯ ಶೇಕಡಾ 51ರಷ್ಟು ಪಾಲನ್ನು 2014ರಲ್ಲಿ ಕೊಂಡು, ಅದರ ಮಾಲೀಕರಾದರು. ವಿಶ್ವಕಪ್ ಮೈದಾನದಲ್ಲಿ ನಿಂತವರು ಪ್ರಾಯೋಜಕರನ್ನು ಹುಡುಕುತ್ತ ಊರೂರು ಸುತ್ತಿದರು. ತಂಡ 2017ರಲ್ಲಿ ಜಪಾನ್ ಫುಟ್‌ಬಾಲ್ ಲೀಗ್‌ಗೆ, 2020ರಲ್ಲಿ ಜೆ ಲೀಗ್‌ನ ಮೂರನೆಯ ದರ್ಜೆಗೆ, 2025ರಲ್ಲಿ ಎರಡನೆಯ ದರ್ಜೆಗೆ ಏರಿತು. 2023ರಲ್ಲಿ ಅದರ ಸ್ವಂತ ಕ್ರೀಡಾಂಗಣ ತೆರೆಯಿತು. 2024ರಲ್ಲಿ ಕ್ಲಬ್‌ನ ಹೆಸರಿನಲ್ಲಿ ಒಂದು ಪ್ರೌಢಶಾಲೆಯೂ ಆರಂಭವಾಯಿತು. ಅದರ ಮುಖ್ಯಸ್ಥರೂ ಒಕಾಡ ಅವರೇ.

ಅಲ್ಲಿ ಅವರು ಹಿಡಿದ ಬೋಧನೆಯ ಕ್ರಮ ನಿಮ್ಮಂಥ ವಿದ್ಯಾರ್ಥಿಗಳಿಗೆ ತಟ್ಟುವಂಥದ್ದು. ಜಪಾನಿನ ಆಟಗಾರರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾರೆ, ಆದರೆ ಹೇಳದ ಪರಿಸ್ಥಿತಿ ಎದುರಾದಾಗ ಬೆಂಚಿನತ್ತ ನೋಡುತ್ತಾರೆ ಎಂಬುದು ಅವರನ್ನು ಬಹುಕಾಲ ಕಾಡಿದ ಚಿಂತೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ, 16 ವರ್ಷದೊಳಗೆ ಆಟದ ಮೂಲ ತತ್ವಗಳನ್ನು ಕ್ರಮವಾಗಿ ಕಲಿಸಿಬಿಡುವುದು. ಅನಂತರ ಮಕ್ಕಳನ್ನು ಸ್ವತಂತ್ರವಾಗಿ ಬಿಡುವುದು. ವ್ಯಾಕರಣ ಬಂದವನೇ ತನ್ನ ಮಾತನ್ನು ತಾನೇ ಕಟ್ಟಬಲ್ಲ. ಸೂತ್ರ ಎಲ್ಲಿಂದ ಬಂತೆಂದು ತಿಳಿದವನೇ ಪುಸ್ತಕದಲ್ಲಿಲ್ಲದ ಲೆಕ್ಕವನ್ನು ಬಿಡಿಸಬಲ್ಲ. ಜೀವನವಿಡೀ ಬೇರೆಯವರ ಪರವಾಗಿ ತೀರ್ಮಾನ ಮಾಡಿದ ಮನುಷ್ಯ ಕೊನೆಗೆ, ತಮ್ಮ ತೀರ್ಮಾನವನ್ನು ತಾವೇ ಮಾಡಬಲ್ಲ ಮಕ್ಕಳನ್ನು ಬೆಳೆಸಲು ಹೊರಟದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ.

ನಿಮ್ಮ ಮುಂದೆಯೂ ತೀರ್ಮಾನಗಳು ಕಾದಿವೆ. ಹತ್ತನೆಯ ತರಗತಿಯ ನಂತರ ಯಾವ ವಿಷಯ, ಪದವಿಯ ನಂತರ ಯಾವ ದಾರಿ, ಶಾಲಾ ತಂಡಕ್ಕೆ ಯಾರನ್ನು ಆರಿಸುವುದು, ಗೆಳೆಯನನ್ನು ಬಿಡುವುದೇ? ಎಲ್ಲ ಮಾಹಿತಿಯೂ ಕೈಗೆ ಸಿಕ್ಕ ಮೇಲೆ ತೀರ್ಮಾನಿಸುತ್ತೇನೆ ಎಂದು ಕುಳಿತರೆ ಪಂದ್ಯವೇ ಮುಗಿದಿರುತ್ತದೆ. ಸಿಕ್ಕಷ್ಟನ್ನು ಚೆನ್ನಾಗಿ ತಿಳಿದುಕೊಳ್ಳಿ, ತಿಳಿದವರನ್ನು ಕೇಳಿ, ಆಮೇಲೆ ನೀವೇ ತೀರ್ಮಾನಿಸಿ. ತಪ್ಪೆಂದು ಕಂಡರೆ ಬದಲಿಸಲು ನಾಚಬೇಡಿ. ಬದಲಿಸಲಾಗದ್ದಾದರೆ, ಅದು ನನ್ನದೇ ಎಂದು ಒಪ್ಪಿಕೊಳ್ಳಿ.

ಮುಂದಿನ ಬಾರಿ ಪಂದ್ಯ ನೋಡುವಾಗ ಚೆಂಡಿನಿಂದ ಕಣ್ಣು ತೆಗೆದು ಒಂದು ಕ್ಷಣ ಆ ಬೆಂಚಿನ ಕಡೆಗೂ ನೋಡಿ. ಅಲ್ಲಿ ನಿಂತವನು ಏನನ್ನೋ ಯೋಚಿಸುತ್ತಿರುತ್ತಾನೆ. ಅವನ ಜಾಗದಲ್ಲಿ ನೀವಿದ್ದರೆ ಯಾರನ್ನು ಇಳಿಸುತ್ತಿದ್ದಿರಿ, ಯಾರನ್ನು ಹೊರಗೆ ಕರೆಯುತ್ತಿದ್ದಿರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.